ಉಪಾಧ್ಯಾಯರ ವೇತನದ ಉಳಿದರ್ಧ: ಬಳ್ಳಾರಿಯ ಸಮೀಕ್ಷೆಯಿಂದ ಈಚೆಗೆ

ಸಾರ್ವಜನಿಕ ಶಾಲೆಗಳ ಉಪಾಧ್ಯಾಯರಿಗೆ ಸಲ್ಲುವ ವೇತನವು ನ್ಯಾಯವಾದುದೇ ಅಲ್ಲವೇ ಎಂಬ ಪ್ರಶ್ನೆ ಹೊಸದಲ್ಲ. ವೇತನ ಆಯೋಗವೊಂದು ನೇಮಕವಾದಾಗಲೆಲ್ಲ ಅದು ತಲೆಯೆತ್ತುತ್ತದೆ. ಆಯೋಗದ ವರದಿ ಕಪಾಟನ್ನು ಸೇರಿದೊಡನೆ ಮತ್ತೆ ಮಲಗುತ್ತದೆ. ಈ ವಾದದಲ್ಲಿ ಸಾಮಾನ್ಯವಾಗಿ ಎರಡು ಪಕ್ಷಗಳೂ ಒಂದು ಮೊತ್ತವನ್ನು ಮುಂದಿಟ್ಟುಕೊಂಡು, ಅದು ಹೆಚ್ಚೋ ಕಡಿಮೆಯೋ ಎಂದು ಜಗ್ಗಾಡುವುದುಂಟು. ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ಮೊತ್ತಕ್ಕಿಂತಲೂ ಅದನ್ನು ಗೊತ್ತುಮಾಡಿದವರ ಮನಸ್ಸಿನಲ್ಲಿದ್ದ ಲೆಕ್ಕಾಚಾರವೇ ಹೆಚ್ಚು ಕುತೂಹಲಕರವಾಗಿ ಕಂಡಿತು. ಮದರಾಸು ಆಧಿಪತ್ಯದ ದಾಖಲೆಗಳನ್ನೂ, ಅದರೊಳಗೆ ಸೇರಿದ್ದ ಬಳ್ಳಾರಿ ಜಿಲ್ಲೆಯ ವೃತ್ತಾಂತವನ್ನೂ, ಮುಂದಿನ ಕಾಲದ ಸರ್ಕಾರಿ ನಿರ್ಣಯಗಳನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಉಪಾಧ್ಯಾಯನ ಜೀವನಕ್ಕೆ ಬೇಕಾದುದರಲ್ಲಿ ಒಂದು ಭಾಗವನ್ನು ಮಾತ್ರ ಸರ್ಕಾರ ಕೊಡತಕ್ಕುದು, ಉಳಿದ ಭಾಗ ಬೇರೆ ಯಾರಿಂದಲೋ ಬರತಕ್ಕುದು ಎಂಬ ಭಾವನೆ ಆರಂಭದಿಂದಲೂ ನಮ್ಮ ಶಿಕ್ಷಣಾಡಳಿತದ ತಳದಲ್ಲಿ ಹರಿಯುತ್ತ ಬಂದಿದೆ. ಆ ಉಳಿದರ್ಧವನ್ನು ಕೊಡಬೇಕಾದವರು ಯಾರು, ಕೊಟ್ಟರೇ ಇಲ್ಲವೇ ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಸರ್ಕಾರಿ ಶಾಲೆಗಳು ಹುಟ್ಟುವುದಕ್ಕೆ ಮುನ್ನ ಕನ್ನಡ ನಾಡಿನ ಹಳ್ಳಿಗಳಲ್ಲಿದ್ದವು ಐಗಳ ಮಠಗಳು, ಕೂಲಿಮಠಗಳು. ಮುಂಬಯಿ ಪ್ರಾಂತದ ಕಡೆ ಇವನ್ನೇ ಗಾವಠಿ ಶಾಲೆಗಳೆಂದರು. ಕೂಲಿಮಠವೆಂಬ ಪದದ ವ್ಯುತ್ಪತ್ತಿಯನ್ನು ಪಂಡಿತರು ಹೇಗೇ ಹೇಳಲಿ, ಜನರ ಕಿವಿಗೆ ಅದರಲ್ಲಿ ಕೇಳಿಸಿದ್ದು ಕೂಲಿಯೇ. ದೇವಾಲಯದ ಪಡಸಾಲೆಯಲ್ಲೋ, ಊರ ಗೌಡನ ಜಗಲಿಯ ಮೇಲೋ, ಐಗಳ ಮನೆಯಲ್ಲಿಯೋ ಹತ್ತು ಹನ್ನೆರಡು ಹುಡುಗರು ಮರಳಿನ ಮೇಲೆ ಅಕ್ಷರ ತಿದ್ದಿ, ಅನಂತರ ಕಡತದ ಮೇಲೆ ಬಳಪದಿಂದ ಬರೆದು, ಮಗ್ಗಿ ಲೆಕ್ಕ ಕಲಿತು ಹೊರಬೀಳುತ್ತಿದ್ದರು. ಐಗಳಿಗೆ ಪ್ರತಿ ಹುಡುಗನ ಮನೆಯಿಂದ ತಿಂಗಳಿಗೆ ಸ್ವಲ್ಪ ಹಣ. ಅಕ್ಷರಾಭ್ಯಾಸದ ದಿನ ಅಕ್ಕಿ, ಎಲೆ ಅಡಿಕೆ. ಓದು ಮುಗಿದಾಗ ಶಕ್ತಿಯಿದ್ದವರು ಉಡಿಸುವ ವಸ್ತ್ರ. ಮಹಾನವಮಿಯ ದಿನಗಳಲ್ಲಿ ಹುಡುಗರನ್ನು ಕರೆದುಕೊಂಡು ಮನೆಮನೆಗೆ ಹೋಗಿ ಚೌಪದ ಹಾಡಿಸಿ ಕಾಣಿಕೆ ಪಡೆಯುವ ವಾಡಿಕೆಯೂ ಇತ್ತು. ಇದು ಹಬ್ಬದ ಸಂಭ್ರಮವೂ ಹೌದು, ಐಗಳ ವಾರ್ಷಿಕ ವರಮಾನದ ಒಂದು ಬಾಬೂ ಹೌದು.

ಇಲ್ಲಿ ಗಮನಿಸತಕ್ಕ ವಿಷಯವೊಂದಿದೆ. ಗ್ರಾಮದ ಶಾನುಭೋಗ, ತಳವಾರ, ನೀರಗಂಟಿ, ಬಡಗಿ, ಕಮ್ಮಾರ, ಕುಂಬಾರ, ಅಗಸ, ನಾಯಿಂದ, ಪಂಚಾಂಗದವರು ಮೊದಲಾದ ಆಯಗಾರರಿಗೆ ಸುಗ್ಗಿಯ ರಾಶಿಯಲ್ಲಿ ನಿಗದಿಯಾದ ಪಾಲಿತ್ತು. ಹಲವರಿಗೆ ಇನಾಂ ಭೂಮಿಯೂ ಇತ್ತು. ೧೮೧೨ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿಗೆ ಒಪ್ಪಿಸಲಾದ ಪ್ರಸಿದ್ಧ ಐದನೆಯ ವರದಿಯು ಗ್ರಾಮ ಸೇವಕರನ್ನು ವರ್ಣಿಸುವಾಗ ಮರಳಿನ ಮೇಲೆ ಅಕ್ಷರ ಕಲಿಸುವ ಉಪಾಧ್ಯಾಯನನ್ನೂ ಹೆಸರಿಸುತ್ತದೆ, ನಿಜ. ಆದರೆ ನಮ್ಮ ಕಡೆಯ ಹನ್ನೆರಡು ಆಯಗಾರರ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಅವನಿಗೆ ಸ್ಥಾನವಿಲ್ಲ. ಕುಂಬಾರನಿಗೆ ಊರೇ ಹೊಣೆ. ಐಗಳಿಗೆ ಹುಡುಗನ ತಂದೆ ಮಾತ್ರ ಹೊಣೆ. ಬರಗಾಲ ಬಂದರೆ ಕುಂಬಾರನ ಪಾಲು ಕುಗ್ಗುತ್ತಿತ್ತು. ಐಗಳ ಮಠವು ಮುಚ್ಚಿಯೇ ಹೋಗುತ್ತಿತ್ತು.

ಈ ಮಠಗಳ ಸ್ಥಿತಿಯನ್ನು ಅಂಕಿಗಳ ಮೂಲಕ ತಿಳಿಯುವ ಮೊದಲ ದೊಡ್ಡ ಯತ್ನ ನಡೆದದ್ದು ೧೮೨೨ರಲ್ಲಿ. ಆಗ ಮದರಾಸಿನ ಗವರ್ನರಾಗಿದ್ದ ಸರ್ ಥಾಮಸ್ ಮನ್ರೋ ಪ್ರತಿಯೊಂದು ಜಿಲ್ಲೆಯ ಕಲೆಕ್ಟರಿನಿಂದಲೂ ಶಾಲೆಗಳ ಪಟ್ಟಿಯನ್ನು ತರಿಸಿದನು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್ಬೆಲ್ ೧೮೨೩ರ ಆಗಸ್ಟ್ ೧೭ರಂದು ಕಳುಹಿಸಿದ ಉತ್ತರವು ಆ ಸಮೀಕ್ಷೆಯ ಪತ್ರಗಳಲ್ಲಿ ಅತ್ಯಂತ ವಿಚಾರಪೂರ್ಣವಾದುದೆಂದು ಹೇಳಬಹುದು. ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಇಂದಿನ ಅನಂತಪುರದ ಸೀಮೆಯೂ ಸೇರಿತ್ತೆಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಸುಮಾರು ೯ ಲಕ್ಷ ೨೭ ಸಾವಿರ ಜನರಿದ್ದ ಆ ಜಿಲ್ಲೆಯಲ್ಲಿ ೫೩೩ ಶಾಲೆಗಳು, ೬,೬೪೧ ವಿದ್ಯಾರ್ಥಿಗಳು. ಶಾಲೆಗಳಲ್ಲಿ ೨೩೫ ಕನ್ನಡದವು, ೨೨೬ ತೆಲುಗಿನವು, ೨೩ ಮರಾಠಿಯವು, ೨೩ ಸಂಸ್ಕೃತದವು, ೨೧ ಪಾರಸಿಯವು, ೪ ತಮಿಳಿನವು, ಒಂದು ಇಂಗ್ಲಿಷಿನದು. ಹಿರಿಯ ಹುಡುಗರು ಕಿರಿಯರಿಗೆ ಕಲಿಸುವ ಕ್ರಮವನ್ನೂ, ಕಾಗದ ಪುಸ್ತಕಗಳ ವೆಚ್ಚವಿಲ್ಲದೆ ಬರೆಹವನ್ನು ಕಲಿಸುವ ಮಿತವ್ಯಯವನ್ನೂ ಕ್ಯಾಂಪ್ಬೆಲ್ ಬಹಳವಾಗಿ ಮೆಚ್ಚಿಕೊಂಡನು. ಇದನ್ನು ಇಂಗ್ಲೆಂಡಿನವರು ಅನುಕರಿಸಿದ್ದು ಯೋಗ್ಯವೇ ಆಗಿದೆಯೆಂದೂ ಬರೆದನು. ಆದರೆ ಮೊದಲು ಶಾಲೆಗಳಿದ್ದ ಅನೇಕ ಹಳ್ಳಿಗಳಲ್ಲಿ ಈಗ ಶಾಲೆಯಿಲ್ಲವೆಂದು ಅದೇ ಪತ್ರದಲ್ಲಿ ಹೇಳಿ, ಅದಕ್ಕೆ ಕಾರಣ ದೇಶದ ಬಡತನವೆಂದು ನಿಸ್ಸಂಕೋಚವಾಗಿ ತಿಳಿಸಿದನು. ಯೂರೋಪಿನ ಬಟ್ಟೆಯ ಆಮದಿನಿಂದ ನೇಕಾರರೇ ಮೊದಲಾದ ಕಸುಬಿನವರ ಕೈ ಬರಿದಾಗಿದೆ. ಹಿಂದಿನ ದೇಶೀಯ ರಾಜರೂ ಅಧಿಕಾರಿಗಳೂ ಇಲ್ಲಿಯೇ ವೆಚ್ಚಮಾಡುತ್ತಿದ್ದ ಹಣ ಈಗ ಹೊರಗೆ ಹೋಗುತ್ತಿದೆ. ಮಧ್ಯಮ ಮತ್ತು ಕೆಳವರ್ಗದವರಲ್ಲಿ ಬಹುಮಂದಿಗೆ ಮಕ್ಕಳ ಓದಿನ ವೆಚ್ಚವನ್ನು ಭರಿಸುವ ಶಕ್ತಿಯಿಲ್ಲ. ಕಂಪೆನಿಯ ಕಲೆಕ್ಟರೊಬ್ಬನು ತನ್ನ ಮೇಲಧಿಕಾರಿಗಳಿಗೆ ಬರೆದ ಮಾತು ಇದೆಂಬುದೇ ಅದರ ಬೆಲೆಯನ್ನು ಹೆಚ್ಚಿಸುತ್ತದೆ.

ಈಗ ಆಧಿಪತ್ಯದ ಒಟ್ಟು ಲೆಕ್ಕವನ್ನು ನೋಡೋಣ. ಕಲೆಕ್ಟರರ ಉತ್ತರಗಳನ್ನೆಲ್ಲ ಕ್ರೋಡೀಕರಿಸಿ ಮನ್ರೋ ೧೮೨೬ರ ಮಾರ್ಚ್ ೧೦ರಂದು ಬರೆದ ಟಿಪ್ಪಣಿಯಲ್ಲಿ ೧,೨೮,೫೦,೯೪೧ ಜನರಿಗೆ ೧೨,೪೯೮ ಶಾಲೆಗಳೆಂದೂ, ೧,೮೮,೬೫೦ ವಿದ್ಯಾರ್ಥಿಗಳೆಂದೂ ಲೆಕ್ಕ ದೊರೆಯುತ್ತದೆ. ಎಂದರೆ ಶಾಲೆಗೆ ಸರಾಸರಿ ೧೫ ಹುಡುಗರು. ಉಪಾಧ್ಯಾಯರ ಗಳಿಕೆ ಸಾಮಾನ್ಯವಾಗಿ ತಿಂಗಳಿಗೆ ೬ ಅಥವಾ ೭ ರೂಪಾಯಿಗಿಂತ ಹೆಚ್ಚಿಲ್ಲವೆಂದೂ, ತಕ್ಕ ಯೋಗ್ಯತೆಯುಳ್ಳವರನ್ನು ಈ ವೃತ್ತಿಗೆ ಸೆಳೆಯಲು ಇದು ಸಾಲದೆಂದೂ ಅದೇ ಟಿಪ್ಪಣಿ ಹೇಳುತ್ತದೆ. ಈ ಎರಡು ಅಂಕಿಗಳನ್ನು ಕೂಡಿಸಿದರೆ ಹುಡುಗನೊಬ್ಬನಿಂದ ಐಗಳಿಗೆ ಬರುತ್ತಿದ್ದುದು ತಿಂಗಳಿಗೆ ಆರೂವರೆಯಿಂದ ಏಳೂವರೆ ಆಣೆ ಎಂದಾಗುತ್ತದೆ. ಬಳ್ಳಾರಿಯಲ್ಲಿ ಶಾಲೆಗೆ ಹನ್ನೆರಡೇ ಹುಡುಗರಿದ್ದುದರಿಂದ, ಅದೇ ದರದಲ್ಲಿ ಅಲ್ಲಿನ ಐಗಳ ಗಳಿಕೆ ೫ ರೂಪಾಯಿಯ ಸುಮಾರಿಗೆ ನಿಲ್ಲುತ್ತಿತ್ತು. ಇದು ನಮ್ಮ ಅಂದಾಜೇ ಹೊರತು ಕ್ಯಾಂಪ್ಬೆಲ್ಲನ ಮಾತಲ್ಲ. ಆದರೂ ಈ ಅಂದಾಜು ಬಹಳ ದೂರ ತಪ್ಪಲಾರದೆಂದು ತೋರುತ್ತದೆ. ಬಂಗಾಳದಲ್ಲಿ ಇದಾದ ಹತ್ತು ವರ್ಷಗಳ ಮೇಲೆ ಇಂಥದೇ ಸಮೀಕ್ಷೆ ನಡೆಸಿದ ವಿಲಿಯಂ ಆ್ಯಡಂ ರಾಜಶಾಹಿ ಜಿಲ್ಲೆಯ ನಾಟೋರಿನಲ್ಲಿ ಕಂಡ ಸರಾಸರಿಯೂ ಐದೂವರೆ ರೂಪಾಯಿ. ಅವನು ಇನ್ನೊಂದು ಸೂಕ್ಷ್ಮವನ್ನೂ ಗುರುತಿಸಿದನು. ಜಮೀನ್ದಾರಿಯ ಲೆಕ್ಕ ಬರೆಯುವ ಪಟವಾರಿಯ ಸಂಬಳ ಹೆಸರಿಗೆ ಉಪಾಧ್ಯಾಯನದಕ್ಕಿಂತ ಕಡಿಮೆ. ಆದರೆ ಮೇಲು ಸಂಪಾದನೆಯಿಂದ ಅದು ಇಮ್ಮಡಿ ಮುಮ್ಮಡಿಯಾಗುತ್ತಿತ್ತು. ಅಕ್ಷರವೂ ಲೆಕ್ಕವೂ ಬಂದವನು ಇವೆರಡರಲ್ಲಿ ಯಾವುದನ್ನು ಆರಿಸಿಕೊಳ್ಳುವನೆಂದು ಬೇರೆ ಹೇಳಬೇಕಾಗಿಲ್ಲ.

ಮನ್ರೋವಿನ ಯೋಜನೆ ಹೀಗಿತ್ತು: ಪ್ರತಿ ಕಲೆಕ್ಟರ್ ವಿಭಾಗದಲ್ಲಿ ಹಿಂದೂಗಳಿಗೊಂದು, ಮುಸಲ್ಮಾನರಿಗೊಂದು ದೊಡ್ಡ ಶಾಲೆ, ಒಟ್ಟು ೪೦, ಪ್ರತಿ ತಹಸೀಲ್ದಾರಿಯಲ್ಲಿ ಒಂದು ಶಾಲೆ, ಒಟ್ಟು ೩೦೦. ಮೊದಲನೆಯವರಿಗೆ ತಿಂಗಳಿಗೆ ೧೫ ರೂಪಾಯಿ, ಎರಡನೆಯವರಿಗೆ ೯ ರೂಪಾಯಿ ಸಂಬಳ. ಮದರಾಸಿನ ಶಾಲಾಪುಸ್ತಕ ಸಂಘಕ್ಕೆ ಕೊಡುವ ೭೦೦ ರೂಪಾಯಿಯನ್ನೂ ಸೇರಿಸಿದರೆ ತಿಂಗಳಿಗೆ ೪,೦೦೦, ವರ್ಷಕ್ಕೆ ೪೮,೦೦೦ ರೂಪಾಯಿ. ೯ ರೂಪಾಯಿ ಅಲ್ಪವೆಂದು ತೋರಬಹುದೆಂಬುದು ಮನ್ರೋವಿಗೆ ತಿಳಿಯದ ವಿಷಯವಲ್ಲ. ಅದಕ್ಕೆ ಅವನು ಮುಂಚಿತವಾಗಿಯೇ ಸಮಾಧಾನ ಹೇಳಿಟ್ಟಿದ್ದಾನೆ. ಸರ್ಕಾರದಿಂದ ೯ ರೂಪಾಯಿ ಪಡೆಯುವ ಉಪಾಧ್ಯಾಯನಿಗೆ ವಿದ್ಯಾರ್ಥಿಗಳಿಂದ ಕಡಿಮೆಯೆಂದರೂ ಮತ್ತಷ್ಟೇ ಬರುವುದು. ಎಲ್ಲವನ್ನೂ ಗಣನೆಗೆ ತಂದುಕೊಂಡರೆ ಅವನ ಸ್ಥಿತಿ ಸ್ಕಾಟ್ಲೆಂಡಿನ ಪ್ಯಾರಿಷ್ ಶಾಲೆಯ ಉಪಾಧ್ಯಾಯನದಕ್ಕಿಂತಲೂ ಪ್ರಾಯಶಃ ಉತ್ತಮವಾಗಿರುವುದು ಎಂಬುದು ಅವನ ಅಭಿಪ್ರಾಯ.

ಮನ್ರೋ ಗ್ಲಾಸ್ಗೋ ನಗರದವನು. ತನ್ನ ನಾಡಿನ ಶಾಲೆಗಳನ್ನು ಬಲ್ಲವನು. ಅವನ ಈ ಹೋಲಿಕೆಯನ್ನು ಮಾತಿನ ಅಲಂಕಾರವೆಂದು ತಳ್ಳಿಹಾಕದೆ ಪರೀಕ್ಷಿಸಿ ನೋಡುವುದು ಉಚಿತ. ಸ್ಕಾಟ್ಲೆಂಡಿನಲ್ಲಿ ಚರ್ಚಿನ ಪ್ಯಾರಿಷ್ ವಿಭಾಗಕ್ಕೊಂದು ಶಾಲೆಯಿರಬೇಕೆಂದೂ, ಉಪಾಧ್ಯಾಯನ ಸಂಬಳವನ್ನು ಅಲ್ಲಿನ ಭೂಸ್ವಾಮಿಗಳು ಕೊಡಬೇಕೆಂದೂ ೧೬೯೬ರ ಶಾಸನವೇ ವಿಧಿಸಿತ್ತು. ಆಗ ಗೊತ್ತಾದ ಸಂಬಳ ವರ್ಷಕ್ಕೆ ೧೦೦ರಿಂದ ೨೦೦ ಮರ್ಕ್ ಎಂಬ ನಾಣ್ಯ. ನೂರು ವರ್ಷಗಳಲ್ಲಿ ಬೆಲೆಗಳು ಏರಿ ಅದು ಯಾತಕ್ಕೂ ಸಾಲದಂತಾದ ಮೇಲೆ ೧೮೦೩ರ ಶಾಸನವು ೩೦೦ರಿಂದ ೪೦೦ ಮರ್ಕ್‌ಗೆ ಏರಿಸಿತು. ಇಂಗ್ಲಿಷ್ ನಾಣ್ಯದಲ್ಲಿ ಸುಮಾರು ೧೬ ಪೌಂಡು ೧೩ ಷಿಲ್ಲಿಂಗಿನಿಂದ ೨೨ ಪೌಂಡು ೪ ಷಿಲ್ಲಿಂಗಿನವರೆಗೆ. ರೂಪಾಯಿಗೆ ಸುಮಾರು ೨ ಷಿಲ್ಲಿಂಗಿನ ದರದಲ್ಲಿ ಇದು ತಿಂಗಳಿಗೆ ೧೪ರಿಂದ ೧೮ೂವರೆ ರೂಪಾಯಿ. ಮನ್ರೋವಿನ ತಹಸೀಲ್ದಾರಿ ಉಪಾಧ್ಯಾಯನಿಗೆ ಒಂಬತ್ತೂ ಒಂಬತ್ತೂ ಸೇರಿ ೧೮ ರೂಪಾಯಿ. ಗವರ್ನರನು ಅಂಕಿಗಳನ್ನು ಕೈಯಲ್ಲಿ ಹಿಡಿದೇ ಮಾತನಾಡಿದನೆಂದು ಒಪ್ಪಬೇಕಾಗುತ್ತದೆ.

ಆದರೆ ಸ್ಕಾಟ್ಲೆಂಡಿನ ೧೮ ರೂಪಾಯಿಯೂ ಬಳ್ಳಾರಿಯ ೧೮ ರೂಪಾಯಿಯೂ ಒಂದೇ ಅಲ್ಲ. ಅಲ್ಲಿಯದು ಪೂರ್ತಿಯಾಗಿ ಶಾಸನಬದ್ಧ ಸಂಬಳ. ವಿದ್ಯಾರ್ಥಿಗಳ ಫೀಜು ಅದರ ಮೇಲೆ. ಇಲ್ಲಿಯದರಲ್ಲಿ ಅರ್ಧ ಮಾತ್ರ ಸಂಬಳ, ಉಳಿದರ್ಧ ನಿರೀಕ್ಷೆ. ಅಲ್ಲಿ ಉಪಾಧ್ಯಾಯನಿಗೆ ಅಡಿಗೆಮನೆ ಸೇರಿ ಎರಡು ಕೋಣೆಗಳ ಮನೆಯನ್ನೂ ಹಿತ್ತಿಲನ್ನೂ ಭೂಸ್ವಾಮಿಗಳೇ ಒದಗಿಸತಕ್ಕದ್ದೆಂದು ವಿಧಿಸಲಾಗಿತ್ತು. ಮಾಸ್ತರರಿಗೆ ಅರಮನೆ ಕಟ್ಟಿಸಿಕೊಡಬೇಕಾಯಿತೆಂದು ಆ ಭೂಸ್ವಾಮಿಗಳಲ್ಲಿ ಹಲವರು ಸಿಡಿಮಿಡಿಗೊಂಡರಂತೆ! ಎರಡು ಕೋಣೆಯ ಅರಮನೆ. ಅಲ್ಲಿ ಉಪಾಧ್ಯಾಯನು ತಪ್ಪು ಮಾಡದಿದ್ದರೆ ಜೀವಮಾನಪರ್ಯಂತ ಹುದ್ದೆಯಲ್ಲಿರುತ್ತಿದ್ದನು. ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದು: ೧೮೦೩ರ ಶಾಸನವು ಸಂಬಳವನ್ನು ಓಟ್ ಧಾನ್ಯದ ಹಿಟ್ಟಿನ ಬೆಲೆಗೆ ಕಟ್ಟಿಹಾಕಿ, ಇಪ್ಪತ್ತೈದು ವರ್ಷಕ್ಕೊಮ್ಮೆ ಆ ಬೆಲೆಯ ಸರಾಸರಿಗೆ ಅನುಗುಣವಾಗಿ ಪುನರ್ವಿಮರ್ಶಿಸತಕ್ಕದ್ದೆಂದು ವಿಧಿಸಿತು. ಅದು ಅಲ್ಲಿನ ಬಡವರ ಮುಖ್ಯ ಆಹಾರ, ನಮ್ಮಲ್ಲಿ ರಾಗಿ ಜೋಳಗಳಿದ್ದಂತೆ. ತುಟ್ಟಿಭತ್ಯವೆಂಬ ಮಾತು ಹುಟ್ಟುವುದಕ್ಕೆ ನೂರು ವರ್ಷಕ್ಕೂ ಹಿಂದೆ ಆ ತತ್ತ್ವವನ್ನು ಹಳ್ಳಿಯ ಉಪಾಧ್ಯಾಯನಿಗೆ ಅನ್ವಯಿಸಿದ ಶಾಸನವಿದು. ಇದನ್ನು ಬಲ್ಲ ನಾಡಿನಿಂದ ಬಂದ ಗವರ್ನರನು ೯ ರೂಪಾಯಿಯನ್ನು ಜೋಳದ ಬೆಲೆಗೆ ಕಟ್ಟಲಿಲ್ಲ. ಉಳಿದ ೯ ರೂಪಾಯಿಗೆ ಯಾರನ್ನೂ ಹೊಣೆಯಾಗಿಸಲಿಲ್ಲ. ಮನ್ರೋ ತನ್ನ ಕಾಲದ ಅಧಿಕಾರಿಗಳಲ್ಲಿ ರೈತರ ಹಿತವನ್ನು ಬಗೆದವನು, ಶಾಲೆಗೆ ಸರ್ಕಾರ ಹಣ ಕೊಡಬೇಕೆಂದು ವಾದಿಸಿದವರಲ್ಲಿ ಮೊದಲಿಗನು. ಅವನನ್ನು ಕೃಪಣನೆಂದು ನಾವು ಹೇಳುತ್ತಿಲ್ಲ. ಹೋಲಿಕೆಯಲ್ಲಿ ಮೊತ್ತ ಬಂತು, ಹೊಣೆ ಬರಲಿಲ್ಲ ಎಂಬಷ್ಟೇ ನಮ್ಮ ಆಕ್ಷೇಪಣೆ.

ವಿದ್ಯಾರ್ಥಿಗಳಿಂದ ಮತ್ತಷ್ಟು ಬರುವುದೆಂಬ ನಿರೀಕ್ಷೆ ಎಷ್ಟು ದುರ್ಬಲವೆಂಬುದಕ್ಕೆ ಸಾಕ್ಷ್ಯವು ಅವನ ಕಡತದಲ್ಲಿಯೇ ಇತ್ತು. ತಂದೆತಾಯಿಗಳಿಗೆ ಕೊಡುವ ಶಕ್ತಿಯಿಲ್ಲವೆಂದು ಕ್ಯಾಂಪ್ಬೆಲ್ ಮೂರು ವರ್ಷ ಮೊದಲೇ ಬರೆದಿದ್ದನು. ಮನ್ರೋ ೧೮೨೭ರ ಜುಲೈಯಲ್ಲಿ ಪತ್ತಿಕೊಂಡದಲ್ಲಿ ವಾಂತಿಭೇದಿಯಿಂದ ತೀರಿಕೊಂಡನು. ಅವನು ಯೋಜಿಸಿದ್ದ ೩೪೦ ಶಾಲೆಗಳಲ್ಲಿ ಸ್ಥಾಪಿತವಾದವು ಕೆಲವೇ. ಅವೂ ೧೮೩೦ರ ದಶಕದಲ್ಲಿ ರದ್ದಾದವು. ಉಪಾಧ್ಯಾಯರು ಅಯೋಗ್ಯರೆಂಬುದು ಆಗ ಕೊಟ್ಟ ಕಾರಣಗಳಲ್ಲೊಂದು. ೬ ರೂಪಾಯಿಗೆ ಯೋಗ್ಯರು ಬರುವುದಿಲ್ಲವೆಂದು ಒಪ್ಪಿ, ೯ ರೂಪಾಯಿಗೆ ಯೋಗ್ಯರನ್ನು ಬಯಸಿ, ದೊರೆಯಲಿಲ್ಲವೆಂದು ಶಾಲೆಯನ್ನೇ ಮುಚ್ಚಿದ್ದು ಆಡಳಿತದ ಇತಿಹಾಸದಲ್ಲಿ ಅಪರೂಪದ ಪ್ರಸಂಗವೇನಲ್ಲ.

೧೮೫೪ರ ವುಡ್ ಶಾಸನಪತ್ರದ ಮೇಲೆ ಧನಸಹಾಯ ಪದ್ಧತಿ ಬಂದಿತು. ಖಾಸಗಿಯವರು ನಡೆಸುವ ಶಾಲೆಗೆ ಸರ್ಕಾರ ಸಹಾಯ ಕೊಡುವುದು, ಆದರೆ ಶಾಲೆಯು ಸ್ವಲ್ಪವಾದರೂ ಫೀಜನ್ನು ಎತ್ತಬೇಕು ಎಂಬುದು ಅದರ ನಿಯಮ. ಹಳೆಯ ‘ಉಳಿದರ್ಧ’ ಇಲ್ಲಿ ನಿಯಮದ ರೂಪವನ್ನು ತಾಳಿತು. ಮೈಸೂರು ಸಂಸ್ಥಾನದಲ್ಲಿ ೧೮೬೮ರಲ್ಲಿ ಬಿ. ಎಲ್. ರೈಸ್ ರೂಪಿಸಿದ ಹೋಬಳಿ ಶಾಲೆಗಳ ಯೋಜನೆ ಕೂಲಿಮಠದ ಐಗಳನ್ನೇ ತರಪೇತು ಮಾಡಿ ಸರ್ಕಾರಿ ಉಪಾಧ್ಯಾಯರನ್ನಾಗಿ ಮಾಡುವ ಹಾದಿಯನ್ನು ಹಿಡಿಯಿತು. ಶಾಸನಗಳ ಸಂಪಾದಕನೆಂದು ನಾವು ಹೆಚ್ಚಾಗಿ ನೆನೆಯುವ ರೈಸ್ ಹಳ್ಳಿಯ ಶಾಲೆಗಾಗಿ ಪಟ್ಟ ಶ್ರಮವು ಇನ್ನೂ ಹೆಚ್ಚಿನ ಅಧ್ಯಯನಕ್ಕೆ ಅರ್ಹವಾಗಿದೆ.

ಇದೇ ಕಾಲದಲ್ಲಿ ಇಂಗ್ಲೆಂಡಿನಿಂದ ಮತ್ತೊಂದು ಸರಕು ಆಮದಾಯಿತು. ರಾಬರ್ಟ್ ಲೋ ಎಂಬ ಮಂತ್ರಿ ೧೮೬೨ರಲ್ಲಿ ಜಾರಿಗೆ ತಂದ ಪರಿಷ್ಕೃತ ಸಂಹಿತೆಯ ಪ್ರಕಾರ ಮಗುವೊಂದಕ್ಕೆ ಹಾಜರಿಯ ಬಾಬು ವರ್ಷಕ್ಕೆ ೪ ಷಿಲ್ಲಿಂಗ್; ಓದು, ಬರೆಹ, ಲೆಕ್ಕ ಮೂರರಲ್ಲಿಯೂ ಇನ್‌ಸ್ಪೆಕ್ಟರ್ ಮುಂದೆ ತೇರ್ಗಡೆಯಾದರೆ ೮ ಷಿಲ್ಲಿಂಗ್; ಒಂದರಲ್ಲಿ ತಪ್ಪಿದರೆ ಅದರ ಮೂರರಲ್ಲೊಂದು ಪಾಲು ಕಡಿತ. ಈ ಕ್ರಮ ಅಗ್ಗವಾಗದಿದ್ದರೆ ದಕ್ಷವಾಗುವುದು, ದಕ್ಷವಾಗದಿದ್ದರೆ ಅಗ್ಗವಾಗುವುದು ಎಂಬರ್ಥದಲ್ಲಿ ಲೋ ಪಾರ್ಲಿಮೆಂಟಿನಲ್ಲಿ ಸಮರ್ಥಿಸಿಕೊಂಡನು. ಅಗ್ಗವಂತೂ ಆಯಿತು: ೧೮೬೧ರಲ್ಲಿ ೮ ಲಕ್ಷ ೧೩ ಸಾವಿರ ಪೌಂಡಿದ್ದ ಧನಸಹಾಯವು ೧೮೬೫ರ ವೇಳೆಗೆ ೬ ಲಕ್ಷ ೩೭ ಸಾವಿರಕ್ಕೆ ಇಳಿಯಿತು. ದಕ್ಷತೆಯ ವಿಷಯದಲ್ಲಿ, ಸ್ವತಃ ಶಾಲಾ ಇನ್‌ಸ್ಪೆಕ್ಟರಾಗಿದ್ದ ಕವಿ ಮ್ಯಾಥ್ಯೂ ಆರ್ನಲ್ಡ್ ಇದರ ಕಟುವಿಮರ್ಶಕನಾದನು. ಕಲಿಕೆಯೆಲ್ಲ ಪರೀಕ್ಷೆಯ ಯಂತ್ರವಾಯಿತೆಂಬುದು ಅವನ ದೂರು. ಮದರಾಸು ಆಧಿಪತ್ಯವು ೧೮೬೦ರ ದಶಕದಲ್ಲಿಯೇ ಈ ಫಲಾನುಸಾರ ಪದ್ಧತಿಯನ್ನು ಕೆಳಮಟ್ಟದ ಶಾಲೆಗಳಿಗೆ ಅನ್ವಯಿಸಿತು. ೧೮೮೨ರಲ್ಲಿ ನೇಮಕವಾದ ಹಂಟರ್ ಆಯೋಗವೂ ಪ್ರಾಥಮಿಕ ಶಾಲೆಗಳಿಗೆ ಇದನ್ನೇ ಶಿಫಾರಸು ಮಾಡಿತು. ಹಳ್ಳಿಯ ಉಪಾಧ್ಯಾಯನ ಪಾಲಿಗೆ ಇದರ ಅರ್ಥವೇನೆಂಬುದನ್ನು ಊಹಿಸುವುದು ಕಷ್ಟವಲ್ಲ. ಸುಗ್ಗಿಯ ಕಾಲದಲ್ಲಿ ಹುಡುಗರು ಹೊಲಕ್ಕೆ ಹೋದರೆ, ಸಿಡುಬು ಬಂದು ಹತ್ತು ಮಕ್ಕಳು ಮಲಗಿದರೆ, ಇನ್‌ಸ್ಪೆಕ್ಟರ್ ಬಂದ ದಿನ ಮಗು ಹೆದರಿ ಬಾಯಿ ಬಿಡದಿದ್ದರೆ, ಅದರ ನಷ್ಟ ಉಪಾಧ್ಯಾಯನ ಅಡಿಗೆಮನೆಗೆ. ಐಗಳಿಗೆ ಹುಡುಗನ ತಂದೆಯೊಬ್ಬನ ಹಂಗಿದ್ದರೆ, ಇವನಿಗೆ ಮಗುವಿನ ಆರೋಗ್ಯದ, ಮಳೆಯ, ಪರೀಕ್ಷಕನ ಮುಖಭಾವದ ಹಂಗೂ ಸೇರಿತು. ಕರ್ಜನ್ ಪ್ರಭುವಿನ ಸರ್ಕಾರ ೧೯೦೪ರ ಶಿಕ್ಷಣ ನಿರ್ಣಯದಲ್ಲಿ ಈ ಪದ್ಧತಿಯನ್ನು ಕೈಬಿಟ್ಟಿತು.

ಭಾರತ ಸರ್ಕಾರದ ೧೯೧೩ರ ಫೆಬ್ರವರಿ ೨೧ರ ನಿರ್ಣಯವು ವೇತನದ ಇತಿಹಾಸದಲ್ಲಿ ಒಂದು ಮೈಲಿಗಲ್ಲು. ತರಪೇತಾದ ಪ್ರಾಥಮಿಕ ಉಪಾಧ್ಯಾಯನಿಗೆ ತಿಂಗಳಿಗೆ ೧೨ ರೂಪಾಯಿಗೆ ಕಡಿಮೆಯಿಲ್ಲದ ಸಂಬಳ, ಶ್ರೇಣಿಬದ್ಧ ಸೇವೆ, ಪಿಂಚಣಿ ಅಥವಾ ಭವಿಷ್ಯನಿಧಿ. ಒಬ್ಬ ಉಪಾಧ್ಯಾಯನಿಗೆ ೫೦ಕ್ಕಿಂತ ಹೆಚ್ಚು ಮಕ್ಕಳಿರಬಾರದು. ಮನ್ರೋ ೧೮೨೬ರಲ್ಲಿ ೧೮ ರೂಪಾಯಿಯನ್ನು ನಿರೀಕ್ಷಿಸಿದ್ದನು. ೮೭ ವರ್ಷಗಳ ಮೇಲೆ ಸರ್ಕಾರದ ಆದರ್ಶ ೧೨ ರೂಪಾಯಿ. ಈ ಹೋಲಿಕೆಯಿಂದ ಒಮ್ಮೆಗೇ ತೀರ್ಮಾನಕ್ಕೆ ಬರುವುದು ತರವಲ್ಲ. ಮನ್ರೋವಿನದು ತಾಲ್ಲೂಕು ಕೇಂದ್ರದ ಶಾಲೆ. ಹಳ್ಳಿಯ ಐಗಳ ೬–೭ ರೂಪಾಯಿಯ ಜತೆಗೆ ೧೨ನ್ನು ಇಡುವುದೇ ಸರಿಯಾದ ತೂಕ. ಹಾಗೆ ಇಟ್ಟರೂ ನಡುವಣ ಕಾಲದಲ್ಲಿ ಧಾನ್ಯದ ಬೆಲೆಗಳು ಏರಿದುದನ್ನು ನೆನೆದರೆ ಹೆಚ್ಚಳವು ಕರಗಿಹೋಗುತ್ತದೆ. ಮೇಲಾಗಿ ಈ ಕಾಲಕ್ಕೆ ಪ್ರಾಥಮಿಕ ಶಾಲೆಯ ಫೀಜನ್ನು ತೆಗೆದುಹಾಕಬೇಕೆಂಬ ನ್ಯಾಯವಾದ ಚಳವಳಿ ಬಲವಾಗಿತ್ತು. ಗೋಖಲೆಯವರು ೧೯೧೧ರಲ್ಲಿ ಕಡ್ಡಾಯ ಶಿಕ್ಷಣದ ಮಸೂದೆಯನ್ನು ಮಂಡಿಸಿದರು, ಮೈಸೂರಿನಲ್ಲಿ ೧೯೧೩ರಲ್ಲಿ ಪ್ರಾಥಮಿಕ ಶಿಕ್ಷಣದ ಕಾನೂನು ಬಂದಿತು. ಫೀಜು ಹೋದರೆ ಮಗುವಿಗೆ ಹಿತ. ಆದರೆ ಫೀಜೇ ಉಪಾಧ್ಯಾಯನ ಉಳಿದರ್ಧವೆಂದು ಎಣಿಸಿ ಸಂಬಳ ಗೊತ್ತುಮಾಡಿದ್ದವರು, ಫೀಜು ಹೋದ ಮೇಲೆ ಆ ಅರ್ಧವನ್ನು ತಾವು ತುಂಬಿಕೊಡಬೇಕೆಂದು ಬಹುಕಾಲ ಎಣಿಸಲಿಲ್ಲ. ಉಪಾಧ್ಯಾಯನು ಬೇರೆ ದಾರಿಗಳನ್ನು ಹುಡುಕಿಕೊಂಡನು. ಹಲವು ಹಳ್ಳಿಗಳಲ್ಲಿ ಶಾಲೆಯ ಮೇಷ್ಟರೇ ಅಂಚೆಯ ಮೇಷ್ಟರೂ ಆದರು. ಅಂಚೆ ಇಲಾಖೆ ಕೊಡುತ್ತಿದ್ದ ಸಣ್ಣ ಭತ್ಯಕ್ಕಾಗಿ ಕಾಗದ ಓದಿಹೇಳಿ, ಮನಿಯಾರ್ಡರ್ ಬರೆದುಕೊಟ್ಟು, ಚೀಲಕ್ಕೆ ಮುದ್ರೆಯೊತ್ತಿ, ಆಮೇಲೆ ಮಗ್ಗಿ ಹೇಳಿಸಿದರು. ಕೆಲವರಿಗೆ ಹೊಲವಿತ್ತು, ಕೆಲವರಿಗೆ ಪೌರೋಹಿತ್ಯವಿತ್ತು. ಏನೂ ಇಲ್ಲದವರಿಗೆ ಸಾಲವಿತ್ತು.

ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡದಂಥ ಜಿಲ್ಲೆಗಳಲ್ಲಿ ಅನುದಾನಿತ ಶಾಲೆಗಳ ಸಂಖ್ಯೆ ದೊಡ್ಡದು. ಉಪಾಧ್ಯಾಯನೇ ಶಾಲೆಯ ವ್ಯವಸ್ಥಾಪಕನೂ ಆಗಿ ಧನಸಹಾಯ ಪಡೆಯುವ ಕ್ರಮವೂ ಆ ಆಧಿಪತ್ಯದಲ್ಲಿತ್ತು. ಅಲ್ಲದೆಡೆ ಹಣವು ವ್ಯವಸ್ಥಾಪಕನ ಕೈಗೆ ಹೋಗಿ ಅಲ್ಲಿಂದ ಉಪಾಧ್ಯಾಯನಿಗೆ ಬರಬೇಕಾಗಿತ್ತು. ಈ ನಡುವಣ ಕೈಯನ್ನು ತಪ್ಪಿಸಿ ಸರ್ಕಾರವೇ ನೇರವಾಗಿ ಸಂಬಳ ಕೊಡಬೇಕೆಂಬ ಬೇಡಿಕೆಯು ನೆರೆಯ ಕೇರಳದಲ್ಲಿ ೧೯೫೮ರ ಶಿಕ್ಷಣ ಕಾಯಿದೆಯಿಂದ ಈಡೇರಿತು. ಆ ಕಾಯಿದೆಯ ಸುತ್ತ ಎದ್ದ ರಾಜಕೀಯ ಬಿರುಗಾಳಿ ಪ್ರಸಿದ್ಧವಾದುದು. ನಾವಿಲ್ಲಿ ಅದನ್ನು ಪ್ರವೇಶಿಸುವುದಿಲ್ಲ. ಸಂಬಳದ ಮೊತ್ತ ಬದಲಾಗದಿದ್ದರೂ ಕೊಡುವ ಕೈ ಬದಲಾದರೆ ಉಪಾಧ್ಯಾಯನ ಸ್ಥಿತಿ ಬದಲಾಗುತ್ತದೆಂಬುದಕ್ಕೆ ಅದೊಂದು ನಿದರ್ಶನ.

ಸ್ವಾತಂತ್ರ್ಯ ಸಮೀಪಿಸಿದಂತೆ ಲೆಕ್ಕದ ಧಾಟಿ ಬದಲಾಯಿತು. ೧೯೪೪ರ ಸಾರ್ಜೆಂಟ್ ವರದಿ ಪ್ರಾಥಮಿಕ ಉಪಾಧ್ಯಾಯರಿಗೆ ತಿಂಗಳಿಗೆ ೩೦ ರೂಪಾಯಿಯಿಂದ ಆರಂಭವಾಗುವ ಶ್ರೇಣಿಯನ್ನು ಸೂಚಿಸಿತು. ಡಿ. ಎಸ್. ಕೊಠಾರಿಯವರ ಅಧ್ಯಕ್ಷತೆಯ ಶಿಕ್ಷಣ ಆಯೋಗ (೧೯೬೪–೬೬) ಸಂಗ್ರಹಿಸಿದ ಅಂಕಿಗಳು ಹೆಚ್ಚು ಬೋಧಪ್ರದವಾಗಿವೆ. ಕೆಳ ಪ್ರಾಥಮಿಕ ಶಾಲೆಯ ಉಪಾಧ್ಯಾಯರ ಸರಾಸರಿ ವಾರ್ಷಿಕ ವೇತನ ೧೯೫೦–೫೧ರಲ್ಲಿ ೫೪೫ ರೂಪಾಯಿ. ೧೯೬೫–೬೬ರಲ್ಲಿ ೧,೦೪೬ ರೂಪಾಯಿ. ಮೇಲ್ನೋಟಕ್ಕೆ ಸಂಬಳ ಇಮ್ಮಡಿಗೆ ಹತ್ತಿರವಾಯಿತು. ಬೆಲೆಯೇರಿಕೆಯನ್ನು ಕಳೆದರೆ ೧,೦೪೬ರ ನಿಜವಾದ ಬೆಲೆ ೬೩೪ ರೂಪಾಯಿ ಮಾತ್ರ, ಎಂದರೆ ಹದಿನೈದು ವರ್ಷದಲ್ಲಿ ನೂರಕ್ಕೆ ಹದಿನಾರರಷ್ಟು ವೃದ್ಧಿ. ಸರ್ಕಾರಿ, ಸ್ಥಳೀಯ ಸಂಸ್ಥೆಯ, ಖಾಸಗಿ ಶಾಲೆಗಳೆಂಬ ಭೇದವಿಲ್ಲದೆ ಸಮಾನ ವೇತನವಿರಬೇಕೆಂದೂ, ಸರ್ಕಾರಿ ನೌಕರರಿಗೆ ಸಲ್ಲುವ ತುಟ್ಟಿಭತ್ಯವೇ ಉಪಾಧ್ಯಾಯರಿಗೂ ಸಲ್ಲಬೇಕೆಂದೂ, ಐದು ವರ್ಷಕ್ಕೊಮ್ಮೆ ವೇತನಶ್ರೇಣಿಗಳನ್ನು ಪರಿಶೀಲಿಸಬೇಕೆಂದೂ ಆಯೋಗ ಹೇಳಿತು. ೧೮೦೩ರ ಓಟ್ ಹಿಟ್ಟಿನ ತತ್ತ್ವವು ನಮ್ಮ ದೇಶದ ಹಳ್ಳಿಯ ಶಾಲೆಯನ್ನು ತಲುಪಲು ಇಷ್ಟು ಕಾಲ ಹಿಡಿಯಿತು. ಮುಂದಿನ ದಶಕಗಳಲ್ಲಿ, ವಿಶೇಷವಾಗಿ ೧೯೯೬ರ ಮತ್ತು ೨೦೦೬ರ ಕೇಂದ್ರ ವೇತನ ಆಯೋಗಗಳ ಶಿಫಾರಸುಗಳ ಪರಿಣಾಮವಾಗಿ, ಖಾಯಂ ಉಪಾಧ್ಯಾಯರ ವೇತನ ಗಣನೀಯವಾಗಿ ಸುಧಾರಿಸಿತೆಂಬುದು ನಿರ್ವಿವಾದ. ದೇಶದ ತಲಾ ವರಮಾನದೊಡನೆ ಹೋಲಿಸಿದರೆ ಅದು ಅನೇಕ ದೇಶಗಳಿಗಿಂತ ಮೇಲಾಗಿಯೇ ಇದೆಯೆಂದು ಅರ್ಥಶಾಸ್ತ್ರಜ್ಞರು ತೋರಿಸಿದ್ದಾರೆ. ಖಾಯಂ ಉಪಾಧ್ಯಾಯನೊಬ್ಬನನ್ನೇ ನೋಡಿ ಉತ್ತರ ಹೇಳುವುದಾದರೆ, ಅವನ ಸಂಬಳ ಇಂದು ಅನ್ಯಾಯವಾದುದೆಂದು ವಾದಿಸುವುದು ಕಠಿಣ. ೨೦೦೬ರ ಏಪ್ರಿಲ್ ೧ರಿಂದೀಚೆಗೆ ಕರ್ನಾಟಕದಲ್ಲಿ ಸೇವೆಗೆ ಸೇರಿದವರು ಹಳೆಯ ಪಿಂಚಣಿಯ ಬದಲು ವಂತಿಗೆಯ ಪಿಂಚಣಿ ವ್ಯವಸ್ಥೆಗೆ ಒಳಪಟ್ಟರೆಂಬುದನ್ನು ಮಾತ್ರ ಈ ಲೆಕ್ಕದಲ್ಲಿ ಮರೆಯಬಾರದು.

ಆದರೆ ಸರ್ಕಾರ ಉಳಿದರ್ಧವನ್ನು ತಾನೇ ಕೊಡಲು ಒಪ್ಪಿದ ಹೊತ್ತಿಗೆ, ಉಪಾಧ್ಯಾಯನನ್ನೇ ಇಬ್ಭಾಗ ಮಾಡಿತು. ರಾಜಸ್ಥಾನದಲ್ಲಿ ೧೯೮೭ರಲ್ಲಿ ಆರಂಭವಾದ ಶಿಕ್ಷಾಕರ್ಮಿ ಯೋಜನೆಯೂ, ಆಮೇಲೆ ಉತ್ತರ ಪ್ರದೇಶದ ಶಿಕ್ಷಾಮಿತ್ರರೂ, ಬಿಹಾರದ ನಿಯೋಜಿತ ಶಿಕ್ಷಕರೂ ಖಾಯಂ ಉಪಾಧ್ಯಾಯರ ಸಂಬಳದ ಒಂದು ಭಾಗಕ್ಕೆ ಅದೇ ಕೆಲಸ ಮಾಡುವ ಹೊಸ ವರ್ಗಗಳು. ಕರ್ನಾಟಕದಲ್ಲಿ ಈ ಸ್ಥಾನವನ್ನು ತುಂಬಿರುವವರು ಅತಿಥಿ ಶಿಕ್ಷಕರು. ಅವಿಭಜಿತ ಆಂಧ್ರಪ್ರದೇಶದ ಐದು ಜಿಲ್ಲೆಗಳಲ್ಲಿ ನಡೆದ ಒಂದು ಪ್ರಯೋಗಾತ್ಮಕ ಅಧ್ಯಯನವು, ಐದರಲ್ಲೊಂದು ಪಾಲಿಗಿಂತ ಹೆಚ್ಚಿಲ್ಲದ ಸಂಬಳದ ಗುತ್ತಿಗೆ ಉಪಾಧ್ಯಾಯರು ಖಾಯಂ ಉಪಾಧ್ಯಾಯರಿಗಿಂತ ಕಡಿಮೆಯಾಗಿ ಕಲಿಸಲಿಲ್ಲವೆಂದು ತೋರಿಸಿತು. ೨೦೦೫ರ ಕಾನೂನಿನ ಮೇರೆಗೆ ಉಪಾಧ್ಯಾಯರ ಮೂಲವೇತನವನ್ನು ಇಮ್ಮಡಿಸಿದ ಇಂಡೊನೇಷ್ಯಾದಲ್ಲಿ, ಎರಡು ಮೂರು ವರ್ಷಗಳ ಮೇಲೂ ಮಕ್ಕಳ ಕಲಿಕೆ ಅದರಿಂದ ಹೆಚ್ಚಲಿಲ್ಲವೆಂದು ಇನ್ನೊಂದು ಅಧ್ಯಯನ ಕಂಡುಕೊಂಡಿತು. ಈ ಫಲಿತಾಂಶಗಳನ್ನು ಅಲ್ಲಗಳೆಯಲು ನಮ್ಮಲ್ಲಿ ಆಧಾರವಿಲ್ಲ, ಅಲ್ಲಗಳೆಯಬೇಕಾದ ಅಗತ್ಯವೂ ಇಲ್ಲ. ಇವು ಹೇಳುವುದು ಹೆಚ್ಚು ಸಂಬಳದಿಂದ ಹೆಚ್ಚು ಕಲಿಕೆ ತಾನಾಗಿ ಹುಟ್ಟುವುದಿಲ್ಲ ಎಂಬುದನ್ನು. ಇದರಿಂದ ಕಡಿಮೆ ಸಂಬಳವೇ ನ್ಯಾಯವೆಂದು ತೀರ್ಮಾನಿಸುವವರು ಲೋ ಮಂತ್ರಿಯ ತರ್ಕವನ್ನೇ ಹೊಸ ಅಂಗಿಯಲ್ಲಿ ತರುತ್ತಿದ್ದಾರೆ. ಸಮಾನವಾಗಿ ಕಲಿಸುವವನಿಗೆ ಐದರಲ್ಲೊಂದು ಪಾಲು ಕೊಡುವುದು ಮಿತವ್ಯಯವಾಗಬಹುದು. ಅದನ್ನು ನ್ಯಾಯವೆಂದು ಕರೆಯಲು ಬೇರೆಯೇ ನಿಘಂಟು ಬೇಕು.

ನ್ಯಾಯಾಲಯಗಳೂ ಈ ವಿಷಯದಲ್ಲಿ ಒಂದೇ ದಾರಿಯಲ್ಲಿ ನಡೆದಿಲ್ಲ. ಸಮಾನ ಕೆಲಸಕ್ಕೆ ಸಮಾನ ವೇತನವೆಂಬ ತತ್ತ್ವವು ತಾತ್ಕಾಲಿಕ ನೌಕರರಿಗೂ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟು ಪಂಜಾಬಿನ ಮೊಕದ್ದಮೆಯೊಂದರಲ್ಲಿ ೨೦೧೬ರಲ್ಲಿ ಹೇಳಿತು. ೨೦೧೯ರ ಮೇ ೧೦ರಂದು ಬಿಹಾರದ ನಿಯೋಜಿತ ಶಿಕ್ಷಕರ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ಅವರಿಗೆ ಖಾಯಂ ಉಪಾಧ್ಯಾಯರ ಸಮಾನ ವೇತನದ ಹಕ್ಕಿಲ್ಲವೆಂದು ತೀರ್ಪಿತ್ತಿತು. ಹಳೆಯ ವರ್ಗ ಅಳಿದುಹೋಗುತ್ತಿರುವ ವರ್ಗವೆಂದೂ, ಹೊಸಬರ ನೇಮಕದ ಮಾರ್ಗ ಬೇರೆಯೆಂದೂ ವಾದ ನಡೆದಿತ್ತು. ಒಂದೇ ಶಾಲೆಯ ಒಂದೇ ಗೋಡೆಯ ಈಚೆಗೂ ಆಚೆಗೂ ನಿಂತು ಒಂದೇ ಪಠ್ಯವನ್ನು ಬೋಧಿಸುವ ಇಬ್ಬರಲ್ಲಿ ಒಬ್ಬನಿಗೆ ಸುಗ್ಗಿಯ ರಾಶಿಯಲ್ಲಿ ಪಾಲುಂಟು, ಇನ್ನೊಬ್ಬನಿಗೆ ಇಲ್ಲ.

ಅತಿಥಿ ಶಿಕ್ಷಕನ ಗೌರವಧನವು ಶಾಲೆ ನಡೆಯುವ ತಿಂಗಳುಗಳಿಗೆ ಮಾತ್ರ. ಬೇಸಗೆಯ ರಜೆ ಬಂದೊಡನೆ ಅದು ನಿಲ್ಲುತ್ತದೆ. ಮುಂದಿನ ವರ್ಷ ಅದೇ ಶಾಲೆಗೆ ಕರೆಯುವರೆಂಬ ಭರವಸೆಯೂ ಇಲ್ಲ. ಆ ತಿಂಗಳುಗಳಲ್ಲಿ ಹೊಲವಿದ್ದವನು ಹೊಲಕ್ಕೆ ಹೋಗುತ್ತಾನೆ, ಪಟ್ಟಣದಲ್ಲಿರುವವನು ಮನೆಪಾಠ ಹೇಳುತ್ತಾನೆ, ಎರಡೂ ಇಲ್ಲದವನು ಕೂಲಿಗೆ ಹೋಗುವುದೂ ಉಂಟು. ಮನ್ರೋವಿನ ಟಿಪ್ಪಣಿಯಲ್ಲಿದ್ದ ಆ ೯ ರೂಪಾಯಿಯನ್ನು ಅವನು ಇನ್ನೂ ಹುಡುಕುತ್ತಿದ್ದಾನೆ.